ತೂಕ ಸರಿಯಿತ್ತು, ಚೀಲದ ಲೆಕ್ಕ ತಪ್ಪಿತ್ತು

ಕೊಲೆಸ್ಟ್ರಾಲ್ ನಾರ್ಮಲ್ ಎಂದು ರಿಪೋರ್ಟ್ ಬಂದಿದ್ದರೂ ಹೃದಯಾಘಾತ ಆದ ಪ್ರಕರಣ ಇದು. ರೋಗಿ ನನ್ನ ಸೋದರಮಾವ. ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ಒಂದು ದಲಾಲಿ ಮಂಡಿಯ ಗುಮಾಸ್ತರು. ವಯಸ್ಸು 57. "ಬರಿ, ಆದ್ರೆ ಹೆಸರು ಹಾಕಬೇಡವಾ, ಮಂಡಿಯವರೆಲ್ಲ ಓದ್ತಾರೆ" ಎಂದಿದ್ದಾರೆ. ಹಾಗಾಗಿ ಇಲ್ಲಿ ಅವರು ಬರೀ ಮಾಮ. ನಾನು ಮೆಡಿಕಲ್ ಕಾಲೇಜೊಂದರಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ರೋಗಿಯ ಮುಖಕ್ಕಿಂತ ರೋಗಿಯ ರಕ್ತ ನೋಡಿದ್ದೇ ಜಾಸ್ತಿ. ಈ ಕೇಸಿನಲ್ಲಿ ಎಡವಿದವರಲ್ಲಿ ನಾನೂ ಒಬ್ಬಳು. ಅದನ್ನೂ ಬರೆಯುತ್ತೇನೆ.

ಮೊದಲು ಹಿನ್ನೆಲೆ. ಮಾಮನಿಗೆ ಸಕ್ಕರೆ ಕಾಯಿಲೆ ಗೊತ್ತಾಗಿದ್ದು 2012ರಲ್ಲಿ. ಕಾಲಿನ ಹುಣ್ಣು ಮಾಯಲಿಲ್ಲ, ಪರೀಕ್ಷೆ ಮಾಡಿಸಿದರೆ ಶುಗರ್. ಮೆಟ್‌ಫಾರ್ಮಿನ್ ಶುರುವಾಯಿತು, ಆಮೇಲೆ ಗ್ಲಿಮೆಪಿರೈಡ್ ಸೇರಿತು. ಬೀಡಿ ಸಿಗರೇಟು ಇಲ್ಲ. ಆದರೆ ಊಟ ಆದ ಮೇಲೆ ಎಲೆ ಅಡಿಕೆ ಜೊತೆ ಚೂರು ಹೊಗೆಸೊಪ್ಪು ಬೇಕೇ ಬೇಕು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಗಾದಿ ಮೇಲೆ ಕೂತ ಕೆಲಸ. ಸಂಜೆ ಮಂಡಕ್ಕಿ, ಮಿರ್ಚಿ. ವಾರಕ್ಕೊಮ್ಮೆ ಬೆಣ್ಣೆ ದೋಸೆ, ಅದಂತೂ ನಮ್ಮೂರಲ್ಲಿ ತಪ್ಪಿಸೋಕೆ ಆಗಲ್ಲ ಬಿಡಿ. ನನ್ನ ತಾತ, ಅಂದರೆ ಮಾಮನ ಅಪ್ಪ, 59ಕ್ಕೇ ಎದೆನೋವು ಬಂದು ಹೋದರು.

2017ರಲ್ಲಿ ಡಾಕ್ಟರ್ ಅಟೊರ್ವಾಸ್ಟ್ಯಾಟಿನ್ 10 ಮಿಲಿಗ್ರಾಂ ಬರೆದುಕೊಟ್ಟರು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಜಾತಿಯ ಮಾತ್ರೆ. ಮಾಮ ಮೂರು ವರ್ಷ ನಿಯತ್ತಾಗಿ ನುಂಗಿದರು. 2020ರಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 68 ಬಂತು. ರಿಪೋರ್ಟಿನಲ್ಲಿ ಮಿತಿ ಮೀರಿದ್ದನ್ನು ತೋರಿಸುವ ಯಾವ ದಪ್ಪಕ್ಷರವೂ ಇರಲಿಲ್ಲ. ಮಾಮ ಮಾತ್ರೆ ಬಿಟ್ಟರು. ಯಾರಿಗೂ ಹೇಳಲಿಲ್ಲ. ಅವರ ಲೆಕ್ಕ ಸೀದಾ ಇತ್ತು: ಸಾಲ ತೀರಿತು, ಇನ್ನು ಕಂತು ಯಾಕೆ ಕಟ್ಟಬೇಕು?

ಇನ್ನು ನನ್ನ ಪಾಲು.

2021ರಲ್ಲಿ ಮನೆಯಲ್ಲೊಂದು ಮದುವೆ. ಊಟದ ಪಂಕ್ತಿ ಏಳುವ ತನಕ ಸುಮ್ನೆ ಮಾತಾಡುತ್ತಾ ಕೂತಿದ್ದೆವು. ಆಡುತ್ತಿದ್ದ ಹುಡುಗನೊಬ್ಬ ಬಿದ್ದು ಮೊಣಕಾಲು ತರಚಿಕೊಂಡ. ಯಾರೋ ಹೈಡ್ರೋಜನ್ ಪೆರಾಕ್ಸೈಡ್ ತಂದು ಹಾಕಿದರು. ಬುಸ್ ಅಂತ ಬಿಳಿ ನೊರೆ ಎದ್ದಿತು. ಪಾಠ ಮಾಡುವವಳ ಬಾಯಿ, ಸುಮ್ಮನಿರುತ್ತದೆಯೇ? "ಈ ನೊರೆ ಯಾಕೆ ಬರುತ್ತೆ ಗೊತ್ತಾ ಮಾಮ?" ಎಂದು ಶುರು ಮಾಡಿದೆ.

ನಮ್ಮ ರಕ್ತದ ಕಣಗಳಲ್ಲಿ ಕ್ಯಾಟಲೇಸ್ ಎಂಬ ಕಿಣ್ವ ಇರುತ್ತದೆ. ಅದು ಪೆರಾಕ್ಸೈಡನ್ನು ಕ್ಷಣದಲ್ಲಿ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಆ ಆಮ್ಲಜನಕವೇ ನೊರೆ. ಬಾಟಲಿಯಲ್ಲಿರುವ ಇದೇ ಪೆರಾಕ್ಸೈಡ್ ನಮ್ಮ ಜೀವಕೋಶದೊಳಗೂ ದಿನವಿಡೀ ಹುಟ್ಟುತ್ತಲೇ ಇರುತ್ತದೆ. ಕೋಶ ಸಕ್ಕರೆ, ಕೊಬ್ಬು ಸುಡುವಾಗ ಸ್ವಲ್ಪ ಆಮ್ಲಜನಕ ದಾರಿ ತಪ್ಪಿ ಸೂಪರಾಕ್ಸೈಡ್ ಆಗುತ್ತದೆ. ಅದು ಕಿಡಿ ಇದ್ದ ಹಾಗೆ. ಸೂಪರಾಕ್ಸೈಡ್ ಡಿಸ್ಮ್ಯೂಟೇಸ್, ನಾವು ಎಸ್‌ಒಡಿ ಅನ್ನುತ್ತೇವೆ, ಆ ಕಿಡಿಯನ್ನು ಹಿಡಿದು ಪೆರಾಕ್ಸೈಡ್ ಮಾಡುತ್ತದೆ. ಪೆರಾಕ್ಸೈಡನ್ನು ಕ್ಯಾಟಲೇಸ್ ಅಥವಾ ಗ್ಲುಟಾಥಯೋನ್ ಪೆರಾಕ್ಸಿಡೇಸ್ ನೀರು ಮಾಡಿ ಮುಗಿಸುತ್ತವೆ. ಎಸ್‌ಒಡಿಯ ಈ ಕೆಲಸವನ್ನು 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಕಂಡುಹಿಡಿದರು.

ಸಕ್ಕರೆ ಕಾಯಿಲೆಯಲ್ಲಿ ಈ ಸಾಲು ತಪ್ಪುತ್ತದೆ. ಕೋಶದೊಳಗೆ ಸಕ್ಕರೆ ಜಾಸ್ತಿ ನುಗ್ಗಿದರೆ ಕಿಡಿಯೂ ಜಾಸ್ತಿ. ರಕ್ತದ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿಕೊಂಡಿದ್ದನ್ನು ಎಚ್‌ಬಿಎ1ಸಿ ಎಂದು ಅಳೆಯುತ್ತೇವಲ್ಲ, ಹಾಗೇ ಎಸ್‌ಒಡಿಗೂ ಸಕ್ಕರೆ ಅಂಟುತ್ತದೆ, ಅದರ ಕೆಲಸ ಮಂದವಾಗುತ್ತದೆ. ಹೆಚ್ಚಾದ ಸಕ್ಕರೆಯನ್ನು ಕೆಲವು ಕೋಶಗಳು ಸಾರ್ಬಿಟಾಲ್ ಮಾಡುತ್ತವೆ. ಅದಕ್ಕೆ ಖರ್ಚಾಗುವ ಸರಕೇ, ಪೆರಾಕ್ಸೈಡ್ ಮುಗಿಸಲು ಬೇಕಾದ ಗ್ಲುಟಾಥಯೋನನ್ನು ಮತ್ತೆ ಸಜ್ಜು ಮಾಡಲೂ ಬೇಕು. ಹಾಗಾಗಿ ಅಲ್ಲೂ ಕೊರತೆ.

ಇಷ್ಟನ್ನೂ ಮದುವೆ ಮನೆಯಲ್ಲಿ ಹೇಳಿದೆ. ಕಿಡಿ ಆರಿಸುವ ಇಂಥವಕ್ಕೆಲ್ಲ ಆ್ಯಂಟಿ ಆಕ್ಸಿಡೆಂಟ್ ಅನ್ನುತ್ತಾರೆ ಎಂದೂ ಹೇಳಿದೆ. ಮಾಮನಿಗೆ ನೆನಪುಳಿದಿದ್ದು ಆ ಒಂದೇ ಪದ.

ಎರಡು ತಿಂಗಳಲ್ಲಿ ಅವರ ಮೇಜಿನ ಮೇಲೆ ಆ್ಯಂಟಿ ಆಕ್ಸಿಡೆಂಟಿನ ಒಂದು ಡಬ್ಬಿ ಬಂತು. ಪರಿಚಯದವರು ಮನೆಮನೆಗೆ ಮಾರುವ ಬಗೆಯದು. ತಿಂಗಳಿಗೆ 1,200 ರೂಪಾಯಿ. ಬಿಟ್ಟಿದ್ದ ಸ್ಟ್ಯಾಟಿನ್‌ಗೆ ಅದರ ಕಾಲುಭಾಗವೂ ಆಗುತ್ತಿರಲಿಲ್ಲ. ಲೇಬಲ್ ಮೇಲೆ ವಿಟಮಿನ್ ಇ, ವಿಟಮಿನ್ ಸಿ, ಬೀಟಾ ಕ್ಯಾರೊಟಿನ್, ಸತು, ಸೆಲೆನಿಯಂ. ಎಸ್‌ಒಡಿಗೆ ಸತು ಬೇಕು, ಗ್ಲುಟಾಥಯೋನ್ ಪೆರಾಕ್ಸಿಡೇಸ್‌ಗೆ ಸೆಲೆನಿಯಂ ಬೇಕು. ಲೇಬಲ್ ಓದಿದರೆ ನನ್ನದೇ ಕ್ಲಾಸಿನ ನೋಟ್ಸ್ ಓದಿದ ಹಾಗಿತ್ತು. ಅದೇ ಅಪಾಯ. ಕೇಳಿದರೆ ತರ್ಕ ಸರಿಯಾಗೇ ಇರುತ್ತದೆ.

2022ರಲ್ಲಿ ಮಾಮ ನಮ್ಮ ಲ್ಯಾಬಿಗೇ ಬಂದರು. ನನ್ನ ಪಿಜಿ ವಿದ್ಯಾರ್ಥಿನಿ ಎಸ್‌ಒಡಿ ಅಳೆಯುವ ವಿಧಾನವನ್ನು ಹೊಂದಿಸುತ್ತಿದ್ದಳು. "ನನ್ನದೂ ನೋಡ್ರಿ, ಡಬ್ಬಿ ಕೆಲಸ ಮಾಡ್ತೈತೋ ಇಲ್ವೋ ಗೊತ್ತಾಗ್ಲಿ" ಎಂದು ತಾವೇ ತೋಳು ಚಾಚಿದರು. ಅವರನ್ನು ಯಾವ ಅಧ್ಯಯನಕ್ಕೂ ಸೇರಿಸಲಿಲ್ಲ, ಬರೀ ಕುತೂಹಲಕ್ಕೆ.

ಕೆಂಪು ರಕ್ತಕಣ ತೊಳೆದು, ತಣ್ಣನೆ ನೀರಲ್ಲಿ ಒಡೆದು, ಆಲ್ಕೊಹಾಲ್ ಮತ್ತು ಕ್ಲೋರೊಫಾರ್ಮ್ ಹಾಕಿ ಕುಲುಕಿದಳು. ಹಿಮೋಗ್ಲೋಬಿನ್ ಕಂದು ಮುದ್ದೆಯಾಗಿ ಕೆಳಗಿಳಿಯಿತು, ಮೇಲೆ ತಿಳಿ ಉಳಿಯಿತು. ಪೈರೊಗಲಾಲ್ ಎಂಬ ಬಿಳಿ ಪುಡಿಯನ್ನು ದ್ರಾವಣಕ್ಕೆ ಹಾಕಿದರೆ ಗಾಳಿಯ ಆಮ್ಲಜನಕಕ್ಕೆ ತಾನಾಗೇ ಹಳದಿಗೆ ತಿರುಗುತ್ತದೆ. ಎಸ್‌ಒಡಿ ಇದ್ದರೆ ಆ ಓಟ ನಿಧಾನವಾಗುತ್ತದೆ. ಎಷ್ಟು ನಿಧಾನವಾಯಿತು ಎಂದು 420 ನ್ಯಾನೊಮೀಟರ್ ಬೆಳಕಿನಲ್ಲಿ ಮೀಟರ್ ನೋಡಿ ಲೆಕ್ಕ ಹಾಕುವುದು. ಮಾಮ ಸ್ಟೂಲಿನ ಮೇಲೆ ಕೂತು ಆ ಗಾಜಿನ ಡಬ್ಬಿಯನ್ನೇ ನೋಡುತ್ತಿದ್ದರು. "ಚಾ ಡಿಕಾಕ್ಷನ್ ಇಳಿದಂಗೆ ಇಳೀತೈತಲ್ಲ" ಎಂದರು.

ಅವರ ಫಲಿತಾಂಶ ಅವತ್ತಿನ ಗುಂಪಿನಲ್ಲಿ ನಡುವೆ ಎಲ್ಲೋ ಬಂತು. ಅದರಿಂದ ಏನೂ ಹೇಳಲು ಬರುತ್ತಿರಲಿಲ್ಲ. ಪೇಪರುಗಳನ್ನು ಓದಿದರೂ ಇದೇ ಕಥೆ. ಡಯಾಬಿಟಿಸ್ ಇರುವವರಲ್ಲಿ ಎಸ್‌ಒಡಿ ಕಡಿಮೆ ಎಂದು ಕೆಲವರು ಬರೆದಿದ್ದಾರೆ. ಜಾಸ್ತಿ ಎಂದು ಇನ್ನು ಕೆಲವರು: ಕಿಡಿ ಜಾಸ್ತಿಯಾದಾಗ ದೇಹ ಕಿಣ್ವವನ್ನೂ ಜಾಸ್ತಿ ಮಾಡುತ್ತದೆ ಎನ್ನುತ್ತಾರೆ. ಯೂನಿಟ್ಟು ಒಬ್ಬೊಬ್ಬರದು ಒಂದೊಂದು ಥರ. ಗುಂಪಿನ ಸರಾಸರಿ ನೋಡಲು ಈ ಪರೀಕ್ಷೆ ಚೆನ್ನ. ಒಬ್ಬ ಮನುಷ್ಯನ ಹೃದಯದ ಭವಿಷ್ಯ ಹೇಳಲು ಆಗುವುದಿಲ್ಲ. ಮಾಮನಿಗೆ ಹೇಳಿದೆ. ಅವರು ಕೇಳಿಸಿಕೊಂಡಿದ್ದು "ನಡುವೆ ಐತಂತೆ, ಪರವಾಗಿಲ್ಲಂತೆ" ಎಂದು.

ಆಮೇಲೆ 2023ರ ಜೂನ್. ಮಾಮ ವಾಟ್ಸ್ಆ್ಯಪಿನಲ್ಲಿ ಒಂದು ರಿಪೋರ್ಟಿನ ಫೋಟೊ ಕಳಿಸಿದರು. ಒಟ್ಟು ಕೊಲೆಸ್ಟ್ರಾಲ್ 182. ಎಚ್‌ಡಿಎಲ್, ಅಂದರೆ ಒಳ್ಳೆಯ ಕೊಲೆಸ್ಟ್ರಾಲ್, 31. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, 246. ಎಲ್‌ಡಿಎಲ್ 102. ಎಚ್‌ಬಿಎ1ಸಿ 8.9. ಒಟ್ಟು ಕೊಲೆಸ್ಟ್ರಾಲ್ 200ರ ಒಳಗೆ, ಎಲ್‌ಡಿಎಲ್ 130ರ ಒಳಗೆ, ಆದ್ದರಿಂದ ಎರಡೂ ತೆಳ್ಳನೆ ಅಕ್ಷರದಲ್ಲಿದ್ದವು. ನಾನು ಬಸ್ಸಿನಲ್ಲಿದ್ದೆ. "ಟ್ರೈಗ್ಲಿಸರೈಡ್ ಜಾಸ್ತಿ ಇದೆ ಮಾಮ, ಕರಿದದ್ದು ಕಡಿಮೆ ಮಾಡಿ, ಶುಗರ್ ಡಾಕ್ಟರಿಗೆ ತೋರಿಸಿ" ಎಂದು ಬರೆದು ಹೆಬ್ಬೆರಳಿನ ಚಿತ್ರ ಹಾಕಿದೆ. ಸ್ಟ್ಯಾಟಿನ್ ತಗೊಳ್ತಿದ್ದೀರಾ ಎಂದು ಕೇಳಲಿಲ್ಲ. ಕೇಳಬೇಕಿತ್ತು. ಐದು ಸೆಕೆಂಡಿನ ಪ್ರಶ್ನೆ ಅದು.

ಆ ರಿಪೋರ್ಟಿನಲ್ಲಿ ಎಲ್ಲವೂ ಇತ್ತು. ಒಂದು ಕಳೆಯುವ ಲೆಕ್ಕ ಸಾಕಿತ್ತು. 182ರಲ್ಲಿ 31 ಕಳೆದರೆ 151. ಇದನ್ನು ನಾನ್ ಎಚ್‌ಡಿಎಲ್ ಅನ್ನುತ್ತಾರೆ. ಒಳ್ಳೆಯದನ್ನು ತೆಗೆದು ಇಟ್ಟರೆ ರಕ್ತನಾಳದ ಗೋಡೆಗೆ ನುಗ್ಗಬಲ್ಲ ಕೊಲೆಸ್ಟ್ರಾಲ್ ಎಷ್ಟು ಉಳಿಯಿತು ಎಂಬ ಲೆಕ್ಕ. ಹತ್ತು ವರ್ಷ ದಾಟಿದ ಡಯಾಬಿಟಿಸ್, ಬಿಪಿ ಬೇರೆ, ಮನೆಯಲ್ಲಿ ಹೃದ್ರೋಗದ ಚರಿತ್ರೆ. ಇಂಥವರಿಗೆ ಅದು 100ರ ಒಳಗಿರಬೇಕು, ಎಲ್‌ಡಿಎಲ್ 70ರ ಒಳಗೆ. ಲ್ಯಾಬಿನವರು ಅಚ್ಚು ಹಾಕುವ ಮಿತಿ ಊರಿಗೆಲ್ಲ ಒಂದೇ. ಡಯಾಬಿಟಿಸ್ ಇರುವವರ ಮಿತಿ ಬೇರೆ. ಬಹಳಷ್ಟು ರಿಪೋರ್ಟುಗಳಲ್ಲಿ ಅದನ್ನು ಬರೆದಿರುವುದಿಲ್ಲ.

ಘಟನೆ ನಡೆದಿದ್ದು ಅದೇ ವರ್ಷ ದೀಪಾವಳಿ ಕಳೆದ ವಾರ. ಮೆಕ್ಕೆಜೋಳದ ಸುಗ್ಗಿ, ಯಾರ್ಡಿನಲ್ಲಿ ಲಾರಿ ಮೇಲೆ ಲಾರಿ. ಮಾಮನಿಗೆ ಸೋಮವಾರದಿಂದ ಹೊಟ್ಟೆ ಮೇಲ್ಭಾಗದಲ್ಲಿ ಏನೋ ಹಿಡಿದ ಹಾಗೆ. ಎದೆನೋವು ಇಲ್ಲ. "ಗ್ಯಾಸ್ಟ್ರಿಕ್" ಎಂದರು. ಸೋಡಾ ಕುಡಿದರು, ಜೀರಿಗೆ ಕಷಾಯ ಕುಡಿದರು. ಮಂಗಳವಾರ ಮಂಡಿಯ ನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ನಿಂತರು. ಓಣಿಯ ಕ್ಲಿನಿಕ್ಕಿನಲ್ಲಿ ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳಿಸಿದರು, ಇಸಿಜಿ ಮಾಡಲಿಲ್ಲ. ಬುಧವಾರ ಬೆಳಗಿನ ಜಾವ ಬನಿಯನ್ ಹಿಂಡುವಷ್ಟು ಬೆವರು. ಅತ್ತೆ ಹೆದರಿ ನನಗೆ ಫೋನ್ ಮಾಡಿದರು. "ಗ್ಯಾಸ್ ಅಂತಾರವಾ, ಆದ್ರೆ ಮೈ ಎಲ್ಲ ತಣ್ಣಗಾಗೈತಿ."

ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೃದಯದ ನರಗಳೂ ಸವೆದಿರಬಹುದು. ಆಗ ನೋವು ಎದೆಯಿಂದ ಮೆದುಳಿಗೆ ಸರಿಯಾಗಿ ತಲುಪುವುದೇ ಇಲ್ಲ. ಹೃದಯಾಘಾತ ಉಬ್ಬಸವಾಗಿ, ಬೆವರಾಗಿ, ಸುಸ್ತಾಗಿ, ಹೊಟ್ಟೆ ತೊಳಸಿದ ಹಾಗೆ ಬರಬಹುದು. ನಮ್ಮಲ್ಲಿ ಇದೆಲ್ಲಕ್ಕೂ ಒಂದೇ ಹೆಸರು ಗ್ಯಾಸ್ಟ್ರಿಕ್ ಅಲ್ವಾ!

ಆಸ್ಪತ್ರೆಯಲ್ಲಿ ಇಸಿಜಿಯಲ್ಲಿ ಎಸ್‌ಟಿ ಗೆರೆ ಕೆಳಗಿಳಿದಿತ್ತು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಬರುವ ಟ್ರೊಪೊನಿನ್ ಏರಿತ್ತು. ಅವತ್ತೇ ಆ್ಯಂಜಿಯೋಗ್ರಾಂ. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ಎಲ್‌ಎಡಿ ನಾಳ ಶೇಕಡಾ 90 ಮುಚ್ಚಿತ್ತು. ಒಂದು ಸ್ಟೆಂಟ್ ಹಾಕಿದರು. ಮಿಕ್ಕ ಎರಡು ನಾಳಗಳಲ್ಲಿ ದೊಡ್ಡ ಅಡ್ಡಿ ಇರಲಿಲ್ಲ, ಆದರೆ ಉದ್ದಕ್ಕೂ ತರಕಲು, ಹಳೇ ಪೈಪಿನ ಒಳಗೆ ಪಾಚಿ ಹಿಡಿದ ಹಾಗೆ. ಡಯಾಬಿಟಿಸ್ ಇದ್ದವರ ನಾಳಗಳು ಹೀಗೇ ಇರುತ್ತವೆ ಎಂದರು ಹೃದ್ರೋಗ ತಜ್ಞರು. ನಾಲ್ಕನೇ ದಿನ ಮನೆಗೆ ಬಂದರು.

ಮನೆಗೆ ಬಂದ ಮೇಲೆ ಮಾಮ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಎಲ್‌ಡಿಎಲ್ ನಾರ್ಮಲ್ ಇತ್ತಲ್ಲವಾ? ಆ್ಯಂಟಿ ಆಕ್ಸಿಡೆಂಟೂ ತಿಂತಿದ್ದೆ. ಮತ್ತೆ ಹೆಂಗಾತು?"

ಉತ್ತರ ಹೇಳಲು ಮಂಡಿಯ ಭಾಷೆಯೇ ಒದಗಿತು. ಕೊಲೆಸ್ಟ್ರಾಲ್ ಎಣ್ಣೆ ಜಾತಿ, ರಕ್ತದಲ್ಲಿ ಹಾಗೇ ಕರಗುವುದಿಲ್ಲ. ಚೀಲದಲ್ಲಿ ತುಂಬಿ ಸಾಗಿಸಬೇಕು. ಎಲ್‌ಡಿಎಲ್ ಅಂದರೆ ಅಂಥ ಒಂದು ಚೀಲ. ರಿಪೋರ್ಟಿನ 102 ಚೀಲಗಳ ಎಣಿಕೆ ಅಲ್ಲ, ಒಳಗಿನ ಮಾಲಿನ ತೂಕ. ಡಯಾಬಿಟಿಸ್ ಇದ್ದವರಲ್ಲಿ ಇನ್ಸುಲಿನ್ ಮಾತು ಕೇಳದೆ ಕೊಬ್ಬಿನ ಕೋಶಗಳು ಸೋರುತ್ತಲೇ ಇರುತ್ತವೆ. ಆ ಕೊಬ್ಬನ್ನೆಲ್ಲ ಲಿವರ್ ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತದೆ. ಅಲ್ಲೊಂದು ಅದಲುಬದಲು ನಡೆಯುತ್ತದೆ. ಟ್ರೈಗ್ಲಿಸರೈಡ್ ಎಲ್‌ಡಿಎಲ್ ಮತ್ತು ಎಚ್‌ಡಿಎಲ್ ಚೀಲಗಳಿಗೆ ಸೇರಿ, ಅವುಗಳ ಕೊಲೆಸ್ಟ್ರಾಲ್ ಆಚೆ ಹೋಗುತ್ತದೆ. ಲಿವರಿನ ಕಿಣ್ವವೊಂದು ಆ ಟ್ರೈಗ್ಲಿಸರೈಡನ್ನು ಕತ್ತರಿಸಿ ತೆಗೆದಾಗ ಚೀಲ ಕುಗ್ಗುತ್ತದೆ. ಎಚ್‌ಡಿಎಲ್ ಚೀಲ ಕುಗ್ಗಿ ಬೇಗ ಕಳೆದುಹೋಗುತ್ತದೆ, ಅದಕ್ಕೇ 31. ಎಲ್‌ಡಿಎಲ್ ಚೀಲ ಸಣ್ಣದಾಗಿ ಬಿಗಿಯಾಗುತ್ತದೆ.

"ಐವತ್ತು ಕೇಜಿ ಚೀಲದ ಬದಲು ಇಪ್ಪತ್ತೈದರದ್ದರಲ್ಲಿ ಅದೇ ನೂರು ಕ್ವಿಂಟಲ್ ತುಂಬಿದರೆ?" ಎಂದೆ.

"ಚೀಲ ಡಬಲ್. ಹಮಾಲಿ ಕೂಲಿನೂ ಡಬಲ್" ಎಂದರು ಮಾಮ, ಥಟ್ಟನೆ.

ಅಷ್ಟೇ. ಹಮಾಲರು ಕೂಲಿ ಕೇಳುವುದು ಚೀಲಕ್ಕಿಷ್ಟು ಅಂತ. ರಕ್ತನಾಳದ ಗೋಡೆಗೂ ಪೆಟ್ಟು ಬೀಳುವುದು ಚೀಲದ ಸಂಖ್ಯೆಯಿಂದ. ಸಣ್ಣ ಚೀಲ ಗೋಡೆಯ ಸಂದಿಯಲ್ಲಿ ಸುಲಭವಾಗಿ ನುಸುಳುತ್ತದೆ, ಅಲ್ಲಿ ಜಾಸ್ತಿ ಹೊತ್ತು ಕೂರುತ್ತದೆ, ಕಿಡಿ ತಾಗಿ ಬೇಗ ಕೆಡುತ್ತದೆ. ಕೆಟ್ಟ ಎಲ್‌ಡಿಎಲ್ಲನ್ನು ಮ್ಯಾಕ್ರೊಫೇಜ್ ಎಂಬ ಕಾವಲು ಕೋಶಗಳು ಹೊಟ್ಟೆ ಬಿರಿಯುವಷ್ಟು ತಿಂದು ನೊರೆ ಕೋಶಗಳಾಗಿ ಅಲ್ಲೇ ಬೀಳುತ್ತವೆ. ನಾಳದೊಳಗಿನ ಗಂಟು ಶುರುವಾಗುವುದು ಹೀಗೆ. ಎಚ್‌ಡಿಎಲ್ ಮೈಮೇಲೆ ಪ್ಯಾರಾಕ್ಸೊನೇಸ್ ಎಂಬ ಕಿಣ್ವ ಕೂತಿರುತ್ತದೆ, ಎಲ್‌ಡಿಎಲ್ ಕೆಡದಂತೆ ನೋಡಿಕೊಳ್ಳುವುದು ಅದರ ಕೆಲಸ. ಸಕ್ಕರೆ ಕಾಯಿಲೆಯಲ್ಲಿ ಅದೂ ಮಂಕು. ಚೀಲ ಜಾಸ್ತಿ, ಕಿಡಿ ಜಾಸ್ತಿ, ಕಾವಲು ಕಡಿಮೆ. ಮಾಮನ ನಾಳದಲ್ಲಿ ಮೂರೂ ಕೂಡಿ ಬಂದಿದ್ದವು.

ಚೀಲ ಎಣಿಸುವ ಪರೀಕ್ಷೆಯೂ ಇದೆ, ಅಪೊ ಬಿ ಎಂದು. ಎಲ್‌ಡಿಎಲ್‌ನಂಥ ಕೆಟ್ಟ ಚೀಲ ಒಂದೊಂದಕ್ಕೂ ಅಪೊ ಬಿ ಎಂಬ ಪ್ರೋಟೀನ್ ಒಂದೇ ಒಂದು ಕಟ್ಟಿರುತ್ತದೆ, ಬಾಯಿಗೆ ಹಾಕಿದ ದಾರದ ಹಾಗೆ. ಆ ಪರೀಕ್ಷೆ ಇಲ್ಲದಿದ್ದರೆ ನಾನ್ ಎಚ್‌ಡಿಎಲ್‌ನ ಕಳೆಯುವ ಲೆಕ್ಕವೇ ಬಹಳ ಮಟ್ಟಿಗೆ ಸಾಕು, ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.

ಹಾಗಾದರೆ ಕಿಡಿ ಆರಿಸಲು ಡಬ್ಬಿ ತಿಂದಿದ್ದು ತಪ್ಪೇನು? ಇದಕ್ಕೆ ನನ್ನ ಅಭಿಪ್ರಾಯ ಬೇಕಿಲ್ಲ. ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ ಎರಡನ್ನೂ ಒಂದೇ ಸಲ ಪರೀಕ್ಷೆಗಿಟ್ಟಿತು. 20,536 ಜನ, ಅವರಲ್ಲಿ 5,963 ಮಂದಿಗೆ ಡಯಾಬಿಟಿಸ್, ಐದು ವರ್ಷ. ಅರ್ಧ ಜನಕ್ಕೆ ಸಿಮ್ವಾಸ್ಟ್ಯಾಟಿನ್ 40 ಮಿಲಿಗ್ರಾಂ, ಅರ್ಧ ಜನಕ್ಕೆ ಹುಸಿ ಮಾತ್ರೆ. ಅದೇ ಜನರನ್ನು ಇನ್ನೊಂದು ರೀತಿ ಭಾಗ ಮಾಡಿ ಅರ್ಧ ಜನಕ್ಕೆ ವಿಟಮಿನ್ ಇ 600, ಸಿ 250, ಬೀಟಾ ಕ್ಯಾರೊಟಿನ್ 20 ಮಿಲಿಗ್ರಾಂ. ಮಾಮನ ಡಬ್ಬಿಯ ಮೊದಲ ಮೂರು ಹೆಸರುಗಳೇ. 2002ರಲ್ಲಿ ಫಲಿತಾಂಶ ಬಂತು. ರಕ್ತದಲ್ಲಿ ವಿಟಮಿನ್ ಮಟ್ಟ ಚೆನ್ನಾಗಿ ಏರಿತ್ತು. ಹೃದಯಾಘಾತ, ಪಾರ್ಶ್ವವಾಯು, ಸಾವು ಯಾವುದೂ ಇಳಿಯಲಿಲ್ಲ. ಸ್ಟ್ಯಾಟಿನ್ ತಗೊಂಡವರಲ್ಲಿ ಇಳಿದವು. ಡಯಾಬಿಟಿಸ್ ಇದ್ದೂ ಎಲ್‌ಡಿಎಲ್ 116ಕ್ಕಿಂತ ಕಡಿಮೆ ಇದ್ದವರಲ್ಲಿ ಕೂಡ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಹೊಡೆತಗಳು ಶೇಕಡಾ 27ರಷ್ಟು ಕಡಿಮೆಯಾದವು. ಮಾಮನ 102 ಇದೇ ಗುಂಪಿನದು.

ಎರಡು ವರ್ಷ ಕಳೆದು ಬಂದ ಕಾರ್ಡ್ಸ್ ಅಧ್ಯಯನ ಮಾಮನಿಗೆ ಇನ್ನೂ ಹತ್ತಿರದ್ದು. ಹೃದ್ರೋಗ ಇಲ್ಲದ 2,838 ಟೈಪ್ 2 ಡಯಾಬಿಟಿಸ್ ರೋಗಿಗಳು, ಅಟೊರ್ವಾಸ್ಟ್ಯಾಟಿನ್ 10 ಮಿಲಿಗ್ರಾಂ. ಮಾಮ ಬಿಟ್ಟಿದ್ದು ಅದೇ ಮಾತ್ರೆ, ಅದೇ ಪ್ರಮಾಣ. ಹೊಡೆತಗಳು ಶೇಕಡಾ 37 ಇಳಿದವು. ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಎರಡು ವರ್ಷ ಮೊದಲೇ ನಿಲ್ಲಿಸಿದರು.

ಸೆಲೆನಿಯಂ ಕಥೆ ಇನ್ನೂ ವಿಚಿತ್ರ. ಸೆಲೆನಿಯಂ ಕೊರತೆ ಇಲ್ಲದವರು ಇನ್ನಷ್ಟು ತಿಂದರೆ ಕಿಣ್ವ ಒಂದು ಮಟ್ಟದ ಮೇಲೆ ಏರುವುದೇ ಇಲ್ಲ. ಅಮೆರಿಕದಲ್ಲಿ ದಿನಕ್ಕೆ 200 ಮೈಕ್ರೋಗ್ರಾಂ ಕೊಟ್ಟು ವರ್ಷಗಟ್ಟಲೆ ನೋಡಿದ ಒಂದು ಪ್ರಯೋಗದಲ್ಲಿ, ತಿಂದವರಲ್ಲೇ ಟೈಪ್ 2 ಡಯಾಬಿಟಿಸ್ ಜಾಸ್ತಿ ಕಂಡಿತು ಎಂದು 2007ರಲ್ಲಿ ವರದಿಯಾಯಿತು.

ಕಿಡಿಯ ಸಿದ್ಧಾಂತ ಸುಳ್ಳು ಎಂದು ನಾನು ಹೇಳುವುದಿಲ್ಲ. ಕಿಡಿ ಹುಟ್ಟುವುದು ಕೋಶದ ಒಳಗೆ, ಮೈಟೊಕಾಂಡ್ರಿಯಾದಲ್ಲಿ, ಕ್ಷಣಕ್ಷಣಕ್ಕೂ. ಕಿಣ್ವ ಒಂದೇ ಒಂದು ಸೆಕೆಂಡಿನಲ್ಲಿ ಲಕ್ಷಗಟ್ಟಲೆ ಅಣುಗಳನ್ನು ಮುಗಿಸುತ್ತದೆ. ಹೊರಗಿನಿಂದ ನುಂಗಿದ ವಿಟಮಿನ್ ಅಷ್ಟು ಬೇಗ, ಅಷ್ಟು ಒಳಗೆ ಕೆಲಸ ಮಾಡಲಾರದು. ಕಿಡಿ ಕಡಿಮೆ ಮಾಡಬೇಕಾದರೆ ಒಲೆಗೆ ಹಾಕುವ ಸೌದೆ ಕಡಿಮೆ ಮಾಡಬೇಕು. ಇಲ್ಲಿ ಸೌದೆ ಅಂದರೆ ಸಕ್ಕರೆ ಮತ್ತು ಕೊಬ್ಬು. ಕಿಡಿ ಬಿದ್ದರೂ ಹೊತ್ತಿಕೊಳ್ಳಲು ಚೀಲ ಇಲ್ಲದಂತೆ ಮಾಡುವುದು ಸ್ಟ್ಯಾಟಿನ್. ನಾನಂತೂ ವರ್ಷಾನುಗಟ್ಟಲೆ ಈ ಕಿಣ್ವಗಳನ್ನೇ ಕಲಿಸಿದವಳು, ಇದನ್ನು ಒಪ್ಪಿಕೊಳ್ಳಲು ನನಗೂ ಸ್ವಲ್ಪ ಹೊಟ್ಟೆಕಿಚ್ಚೇ.

ಈಗಿನ ಔಷಧಿ: ಅಟೊರ್ವಾಸ್ಟ್ಯಾಟಿನ್ 40, ಕೊಲೆಸ್ಟ್ರಾಲಿಗೇ ಇನ್ನೊಂದು ಮಾತ್ರೆ ಎಜೆಟಿಮೈಬ್ 10, ರಕ್ತ ಗಟ್ಟಿಯಾಗದಂತೆ ಎರಡು ಮಾತ್ರೆ, ಬಿಪಿಗೆ ಒಂದು. ಶುಗರಿಗೆ ಗ್ಲಿಮೆಪಿರೈಡ್ ತೆಗೆದು ಎಂಪಾಗ್ಲಿಫ್ಲೊಜಿನ್ ಹಾಕಿದ್ದಾರೆ. ಹೃದ್ರೋಗ ಇರುವ ಡಯಾಬಿಟಿಸ್ ರೋಗಿಗಳಲ್ಲಿ ಅದು ಹೃದಯದಿಂದ ಬರುವ ಸಾವನ್ನು ಶೇಕಡಾ 38 ಕಡಿಮೆ ಮಾಡಿತೆಂದು 2015ರಲ್ಲಿ ತಿಳಿಯಿತು. ಹೊಗೆಸೊಪ್ಪು ನಿಂತಿದೆ. ಅಡಿಕೆ ನಿಂತಿಲ್ಲ. ಸಂಜೆಯ ಮಿರ್ಚಿ ವಾರಕ್ಕೊಂದು ದಿನಕ್ಕೆ ಇಳಿದಿದೆ, ಅದರಲ್ಲಿ ಅತ್ತೆಯ ಕೈವಾಡ ಜಾಸ್ತಿ.

ನಡುವೆ ಒಮ್ಮೆ ಮಾತ್ರೆ ಮತ್ತೆ ತಪ್ಪುವುದರಲ್ಲಿತ್ತು. ಸ್ಟ್ಯಾಟಿನ್ ಶುಗರ್ ಏರಿಸುತ್ತದೆ ಎಂಬ ವಿಡಿಯೊ ಯಾರೋ ಕಳಿಸಿದ್ದರು. ಅದು ಪೂರ್ತಿ ಸುಳ್ಳಲ್ಲ, ಸ್ವಲ್ಪ ಏರಿಸುತ್ತದೆ. ಹಾಗೆಂದೇ ಮಾಮನಿಗೆ ಹೇಳಿದೆ. ಹೃದಯಕ್ಕೆ ಆಗುವ ಲಾಭದ ಮುಂದೆ ಆ ಏರಿಕೆ ಸಣ್ಣದು ಎಂದೂ ಹೇಳಿದೆ. ಜಮಾ ಎಷ್ಟು, ಖರ್ಚು ಎಷ್ಟು ಎಂದು ಕೇಳಿದರು. ಹೇಳಿದೆ. ಒಪ್ಪಿದರು.

2024ರ ಫೆಬ್ರವರಿಯಲ್ಲಿ ಹೊಸ ರಿಪೋರ್ಟ್ ಬಂತು. ಈ ಸಲ ನಾನೇ ಮನೆಗೆ ಹೋಗಿದ್ದೆ. ಒಟ್ಟು 112, ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 165, ಎಲ್‌ಡಿಎಲ್ 45. ಹೃದಯಾಘಾತ ಆದವರಿಗೆ 55ರ ಕೆಳಗೆ ಇರಬೇಕು ಎನ್ನುತ್ತದೆ ಯುರೋಪಿನ ಮಾರ್ಗಸೂಚಿ, ಅದರ ಒಳಗೇ ಇದೆ. ಕಾಗದದ ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ಮಾಮ ಆಗಲೇ ಲೆಕ್ಕ ಹಾಕಿದ್ದರು: 112, ಕೆಳಗೆ 34, ಗೆರೆ, 78. ಖಾತೆ ಪುಸ್ತಕದಲ್ಲಿ ಎಳೆಯುವ ಹಾಗೆ ಕೆಳಗೆ ಎರಡು ಗೆರೆ. ಆ ಡಬ್ಬಿ ಮೇಜಿನ ಮೇಲೇ ಇತ್ತು, ಒಳಗೆ ಗುಂಡುಪಿನ್ನು, ರಬ್ಬರ್ ಬ್ಯಾಂಡು.

ಕನ್ನಡಕ ಮೇಲೆತ್ತಿ ನನ್ನ ಮುಖ ನೋಡಿದರು. "45 ಬಂತಲ್ಲವಾ. ಇನ್ನು ಮಾತ್ರೆ ಬಿಡಬಹುದಲ್ಲ?"

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಮೊದ್ಲು ಆ ಡಾಕ್ಟರಮ್ಮನಿಗೆ ಚಾ ಕೊಡ್ರಿ. ಬಿಡೋ ಮಾತು ನಾನು ಸತ್ ಮ್ಯಾಲೆ."